ವಾರಕ್ಕೊಂದು ಎಂದು ಬರೆದಿತ್ತು

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಮೈಯೆಲ್ಲ ನೋವು ಶುರುವಾಗಿತ್ತು. ಇಂಥದೇ ಜಾಗ ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಒಂದು ದಿನ ತೊಡೆಯ ಎಲುಬು, ಒಂದು ದಿನ ಸೊಂಟ, ಒಮ್ಮೊಮ್ಮೆ ಪಕ್ಕೆಲುಬು. ಗ್ರಂಥಾಲಯದಲ್ಲಿ ಕೆಳಗಿನ ಸಾಲಿನ ಪುಸ್ತಕ ತೆಗೆಯಲು ಕುಕ್ಕರಗಾಲಲ್ಲಿ ಕೂತರೆ, ಏಳಲು ಮೇಜಿನ ಕಾಲು ಹಿಡಿಯಬೇಕಾಗುತ್ತಿತ್ತು. ಆಗ ನನಗೆ ನಲವತ್ತೊಂಬತ್ತು.

ನವಲಗುಂದದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಹಳ್ಳಿಯಲ್ಲಿ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವುದು ನನ್ನ ಕೆಲಸ. ಗ್ರಂಥಾಲಯವೆಂದರೆ ಹಿಂದೆ ಗೊಬ್ಬರದ ಚೀಲ ಇಡುತ್ತಿದ್ದ ಒಂದು ಕೋಣೆ. ಇರುವ ಒಂದೇ ಕಿಟಕಿಯ ಎದುರು ಪಂಚಾಯಿತಿ ಕಟ್ಟಡದ ಗೋಡೆ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಒಳಗೆ ದೀಪ ಹಾಕಿಕೊಂಡೇ ಕೂರಬೇಕು. ಕೈಗೆ ಫೋನು ಬಂದ ಮೇಲೆ ಹುಡುಗರು ಬರುವುದು ನಿಂತಿತು. ತಪ್ಪದೆ ಬರುತ್ತಿದ್ದವರು ಒಬ್ಬರೇ. ಹೊಲಮನೆಯ ಜವಾಬ್ದಾರಿ ಮಕ್ಕಳಿಗೆ ಒಪ್ಪಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹತ್ತೂವರೆಗೆ ಬಂದು ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಹಿರಿಯರು. ಊರಿನವರು ಅವರನ್ನು ಯಜಮಾನ್ರು ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಬಂದಾಗ ಅವರು "ಬಂದೀರೇನ್ರಿ ಅಕ್ಕಾರ?" ಎನ್ನುತ್ತಿದ್ದರು, ನಾನು "ಬಂದೀನ್ರಿ" ಎನ್ನುತ್ತಿದ್ದೆ. ಹೋಗುವಾಗ "ಬರ್ತೀನ್ರಿ" ಎನ್ನುತ್ತಿದ್ದರು. ಅವರು ಬರತೊಡಗಿದ ಏಳು ವರ್ಷಗಳಲ್ಲಿ ನಮ್ಮ ನಡುವೆ ಇದಕ್ಕಿಂತ ಹೆಚ್ಚು ಮಾತು ಆಗಿರಲಿಲ್ಲ.

ನವಲಗುಂದದಲ್ಲಿ ನಾನು ಇದ್ದದ್ದು ಜಮಖಾನ ನೇಯುವ ಒಬ್ಬ ಮುದುಕಿಯ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ. ಓಣಿಯವರಂತೆ ನಾನೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು, ಕಬ್ಬಿಣದ ಹಣಿಗೆಯಿಂದ ನೂಲನ್ನು ಕುಟ್ಟಿ ಕುಟ್ಟಿ ಕೂರಿಸುವ ಸದ್ದು ಗೋಡೆಯ ಆಚೆಯಿಂದ ನನಗೆ ದಿನವೂ ಕೇಳುತ್ತಿತ್ತು. ನನ್ನ ಗಂಡ ತೀರಿಹೋಗಿ ಆಗ ಹನ್ನೊಂದು ವರ್ಷ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ನಾಲ್ಕು ದಿನ ಜ್ವರ ಬಂತು, ಐದನೆಯ ದಿನ ಇರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಕುಂದಗೋಳದ ಗಂಡನ ಮನೆಯಲ್ಲಿ ಎರಡು ವರ್ಷ ಇದ್ದೆ. ಈ ಕೆಲಸ ಸಿಕ್ಕಾಗ ಹೊರಟೆ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ, ಜಗಳವೂ ಆಗಲಿಲ್ಲ. ಇರು ಎಂದೂ ಯಾರೂ ಹೇಳಲಿಲ್ಲ, ಅಷ್ಟೇ. ಅಳ್ನಾವರದಲ್ಲಿ ಅಣ್ಣ ಕಿರಾಣಿ ಅಂಗಡಿ ನಡೆಸುತ್ತಾನೆ. ಹಬ್ಬಕ್ಕೆ ಫೋನು ಮಾಡುತ್ತಾನೆ.

ನೋವು ತಡೆಯಲಾರದೆ ನವಲಗುಂದದಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಮಾಡಿಸಿ, ಕಾಗದ ನೋಡಿ ಅವರು ನಕ್ಕರು.

"ಬಿಸಲಾಗ ಅಡ್ಡಾಡೂದಿಲ್ಲೇನ್ರಿ ಅಕ್ಕಾರ ನೀವು? ವಿಟಮಿನ್ ಡಿ ಅಗದಿ ಕಡಿಮಿ ಆಗೇತಿ."

ಅರವತ್ತು ಸಾವಿರ ಯೂನಿಟ್ಟಿನ ಗುಳಿಗೆ ಬರೆದುಕೊಟ್ಟರು. ವಾರಕ್ಕೊಂದು, ಎಂಟು ವಾರ. ಆಮೇಲೆ ಬಂದು ತೋರಿಸಬೇಕು. ಚೀಟಿಯ ಮೇಲೆ ಕನ್ನಡದಲ್ಲೇ ದೊಡ್ಡದಾಗಿ ಬರೆದಿದ್ದರು, ಕೆಳಗೆ ಗೆರೆಯನ್ನೂ ಎಳೆದಿದ್ದರು. ನಾನು ಅದನ್ನು ಓದಲಿಲ್ಲ ಎಂದು ಹೇಳುವ ಹಾಗಿಲ್ಲ. ಓದುವುದೇ ನನ್ನ ಕೆಲಸ.

ಮೆತ್ತಗಿನ, ಎಣ್ಣೆ ತುಂಬಿದ ಗುಳಿಗೆ ಅದು. ಬೆಳಕಿಗೆ ಹಿಡಿದರೆ ಜೇನಿನ ಬಣ್ಣ. ಊಟದ ಮೇಲೆ, ಹಾಲಿನೊಂದಿಗೆ ತೆಗೆದುಕೊಳ್ಳಿ ಎಂದಿದ್ದರು ಡಾಕ್ಟರು. ನಾನು ಭಾನುವಾರವನ್ನು ಆರಿಸಿಕೊಂಡೆ. ವಾರದಲ್ಲಿ ನನಗೆ ಕಳೆಯಲಾಗದ ದಿನ ಅದೊಂದೇ. ಉಳಿದ ದಿನ ಬಸ್ಸಿದೆ, ಗ್ರಂಥಾಲಯದ ಬೀಗ ತೆರೆಯುವುದಿದೆ, ಪತ್ರಿಕೆಗೆ ಮುದ್ರೆ ಹಾಕುವುದಿದೆ. ಭಾನುವಾರ ಬಟ್ಟೆ ಒಗೆದು ಹರವಿದ ಮೇಲೆ ಹನ್ನೊಂದು ಗಂಟೆಗೇ ದಿನ ಮುಗಿದು ಹೋಗುತ್ತಿತ್ತು. ಎಷ್ಟೋ ಭಾನುವಾರ ಶನಿವಾರದ ರೊಟ್ಟಿಯನ್ನು ಮೊಸರಿನಲ್ಲಿ ಮುರಿದು ಹಾಕಿಕೊಂಡು ತಿಂದು ಮಲಗಿದ್ದೆ. ಆದರೆ ಗುಳಿಗೆಯನ್ನು ಊಟದ ಮೇಲೆ ನುಂಗಬೇಕು ಎಂದಾದಾಗ ನಾನು ಅಡುಗೆ ಮಾಡಲು ಶುರು ಮಾಡಿದೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ತಾಟಿನ ಬದಿಗೆ ಗುಳಿಗೆ ಇಟ್ಟುಕೊಂಡು ಉಣ್ಣುತ್ತಿದ್ದೆ. ಯಾರೋ ನನ್ನ ಊಟದ ಬಗ್ಗೆ ಹೇಳಿ ಕಳಿಸಿದ್ದಾರೆ, ನಾನು ಅವರ ಮಾತು ನಡೆಸುತ್ತಿದ್ದೇನೆ ಎಂಬಂತೆ ಇರುತ್ತಿತ್ತು.

ಐದಾರು ವಾರಕ್ಕೆ ನೋವು ಕಡಿಮೆಯಾಯಿತು. ಎಂಟನೆಯ ಗುಳಿಗೆ ಮುಗಿದ ದಿನ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಹೋದರೆ ಸಾಕು ನಿಲ್ಲಿಸಿ ಎನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಔಷಧದ ಅಂಗಡಿಗೆ ಹೋಗಿ ಗುಳಿಗೆ ತೆಗೆದ ಖಾಲಿ ಹಾಳೆ ತೋರಿಸಿ ಇದೇ ಇನ್ನೊಂದು ಕೊಡಿ ಎಂದೆ. ಅಂಗಡಿಯವನು ಒಳ್ಳೆಯ ಮನುಷ್ಯ.

"ಇವನ್ನ ಇನ್ನೂ ತುಗೋಬಹುದಲ್ರಿ?" ಎಂದು ಕೇಳಿದೆ.

"ಏನಾಗತೈತ್ರಿ ಅಕ್ಕಾರ, ವಿಟಮಿನ್ ಅದು. ಊಟ ಇದ್ದಂಗ" ಎಂದ.

ಆ ಮಾತು ನನಗೆ ಬೇಕಾಗಿತ್ತು.

ಡಿಸೆಂಬರಿನಲ್ಲಿ ಅಣ್ಣನ ಮಗಳ ಮದುವೆ. ಎರಡು ದಿನ ಮೊದಲೇ ಅಳ್ನಾವರಕ್ಕೆ ಹೋದೆ. ಮದುವೆಯ ಮನೆಯಲ್ಲಿ ಮೇಲಿನ ಕೋಣೆಯಲ್ಲಿ ಸೀರೆ, ಬೆಳ್ಳಿ ಸಾಮಾನು, ಬೀಗರ ಪೆಟ್ಟಿಗೆಗಳನ್ನು ಇಟ್ಟಿದ್ದರು. ಅದನ್ನು ಕಾಯಲು ಯಾರಾದರೂ ಬೇಕಿತ್ತು. "ನೀ ಇದ್ರ ನಮಗ ಚಿಂತಿ ಇರೂದಿಲ್ಲ ನೋಡು" ಎಂದಳು ಅತ್ತಿಗೆ. ಪ್ರೀತಿಯಿಂದಲೇ ಹೇಳಿದಳು. ಕೆಳಗೆ ಅರಿಶಿನ ಹಚ್ಚುವಾಗ, ಬಳೆ ತೊಡಿಸುವಾಗ, ಅಕ್ಕಿಕಾಳು ಹಾಕುವ ಹೊತ್ತಿಗೆ, ನಾನು ಮೇಲೆ ಕೂತಿದ್ದೆ. ಊಟ ಮೇಲಕ್ಕೇ ಬಂತು. ಹುಡುಗಿ ಹೊರಡುವ ಮುಂಚೆ ಸೀರೆ ಬದಲಿಸಲು ಬಂದಾಗ ನನ್ನ ಕಾಲಿಗೆ ಬಿದ್ದಳು, ಅವಸರದಲ್ಲಿದ್ದಳು, ಕೂಡಲೇ ಎದ್ದು ಹೋದಳು.

ನವಲಗುಂದಕ್ಕೆ ವಾಪಸು ಬಂದ ಮರುದಿನ ಹಾಸಿಗೆಯಿಂದ ಏಳಲು ಆಗದಷ್ಟು ಮೈನೋವು. ಅಂದು ಬುಧವಾರ. ಅಡುಗೆ ಮಾಡಿ ಉಂಡು ಒಂದು ಗುಳಿಗೆ ನುಂಗಿದೆ. ಮಾರನೆಯ ದಿನ ಹಗುರಾಯಿತು, ಅಥವಾ ಹಗುರಾಯಿತು ಎಂದು ನನಗೆ ಅನಿಸಿತು. ಅಲ್ಲಿಂದ ವಾರಕ್ಕೆ ಎರಡಾಯಿತು. ಆಮೇಲೆ ದಿನ ಬಿಟ್ಟು ದಿನ. ಸಂಕ್ರಾಂತಿ ಕಳೆದ ಮೇಲೆ ದಿನವೂ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಎಲುಬಿಗೆ ಕ್ಯಾಲ್ಸಿಯಂ ಗುಳಿಗೆ ಒಳ್ಳೆಯದು ಎಂದಳು, ಅದನ್ನೂ ಸೇರಿಸಿದೆ. ಒಂದೇ ಅಂಗಡಿಯಲ್ಲಿ ಅಷ್ಟು ಸಲ ಕೇಳಲು ನಾಚಿಕೆಯಾಗಿ ಹುಬ್ಬಳ್ಳಿಗೆ ಹೋದಾಗ ಅಲ್ಲಿ ಒಂದು ಅಂಗಡಿ ಹಿಡಿದೆ, ನಂತರ ಇನ್ನೊಂದು. ತಪ್ಪು ಮಾಡುತ್ತಿದ್ದೇನೆ ಎಂದು ಒಳಗೆ ಎಲ್ಲೋ ಗೊತ್ತಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಖಾಲಿ ಹಾಳೆಗಳನ್ನು ಕಸಕ್ಕೆ ಹಾಕುತ್ತಿರಲಿಲ್ಲ. ಖಾಲಾ ಕಂಡರೆ ಕೇಳುತ್ತಾರೆ ಎಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತಿದ್ದೆ.

ಮೊದಲು ಬಂದದ್ದು ನೀರಡಿಕೆ. ಫೆಬ್ರವರಿ ಕೊನೆ, ಬಿಸಿಲು ಏರುತ್ತಿತ್ತು, ಅದಕ್ಕೇ ಎಂದುಕೊಂಡೆ. ಗ್ರಂಥಾಲಯಕ್ಕೆ ಒಯ್ಯುತ್ತಿದ್ದ ಬಾಟಲಿ ಬಸ್ಸಿನಲ್ಲೇ ಖಾಲಿಯಾಗುತ್ತಿತ್ತು. ಕುಡಿದಷ್ಟೂ ಬಾಯಿ ಒಣಗುತ್ತಿತ್ತು, ಗಂಟೆಗೊಮ್ಮೆ ಎದ್ದು ಹೋಗಬೇಕಾಗುತ್ತಿತ್ತು. ಹಳ್ಳಿಯಲ್ಲಿ ಹೆಂಗಸಿಗೆ ಅದೆಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪಂಚಾಯಿತಿಯ ಹಿಂದಿನ ಶೌಚಾಲಯದ ಕೀಲಿ ಕೇಳಲು ದಿನಕ್ಕೆ ಐದು ಸಲ ಹೋದರೆ ಅಲ್ಲಿಯ ಗುಮಾಸ್ತ ಮುಖ ನೋಡುತ್ತಿದ್ದ. ಆಮೇಲೆ ಹಸಿವು ಹೋಯಿತು. ರೊಟ್ಟಿ ಬಾಯಿಗೆ ಇಟ್ಟರೆ ಕಬ್ಬಿಣದ ರುಚಿ. ಮಲಬದ್ಧತೆ, ಹೊಟ್ಟೆ ಕಲ್ಲು. ಬೆಳಿಗ್ಗೆ ಎದ್ದರೆ ವಾಕರಿಕೆ. ರವಿಕೆ ಸಡಿಲವಾದವು. ಇಷ್ಟೆಲ್ಲ ಆದಾಗ ನಾನು ಮಾಡಿದ್ದೇನು? ನಿಶ್ಶಕ್ತಿ ಹೆಚ್ಚಾಗಿದೆ ಎಂದು ಗುಳಿಗೆಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಈ ನೀರಡಿಕೆ, ವಾಕರಿಕೆಯ ಮಾತನ್ನು ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಹೇಳಲು ಒಂದು ಹೊತ್ತು ಬೇಕು. ಎದುರಿಗೆ ಯಾರಾದರೂ ಕೂತು, ಏನು ಇಷ್ಟು ಇಳಿದುಹೋಗಿದ್ದೀ ಎಂದು ಕೇಳುವ ಹೊತ್ತು. ಅದು ಬರಲಿಲ್ಲ.

ಏಪ್ರಿಲಿನಲ್ಲಿ ತಲೆ ಮಂಕಾಗತೊಡಗಿತು. ಒಂದು ದಿನ ಯಜಮಾನ್ರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಅಕ್ಕಾರ, ಇದು ನಿನ್ನಿ ಪೇಪರ್ ಐತಲ್ರಿ."

ನೋಡಿದರೆ ಹೌದು. ನಿನ್ನೆಯ ಪತ್ರಿಕೆಯ ಮೇಲೆ ಇಂದಿನ ತಾರೀಖಿನ ಮುದ್ರೆ ಹಾಕಿ ಮೇಜಿನ ಮೇಲೆ ಇಟ್ಟಿದ್ದೆ. ಇಂದಿನ ಪತ್ರಿಕೆ ಬಾಗಿಲ ಹೊರಗೆ ಬಿದ್ದಿತ್ತು. ಅದಾದ ನಾಲ್ಕು ದಿನಕ್ಕೆ ಅವರು ಮತ್ತೆ ಹೇಳಿದರು.

"ತಪ್ಪ ತಿಳ್ಕೋಬ್ಯಾಡ್ರಿ. ನಾ ಬಂದಾಗಿಂದ ಮೂರ ಸಲ ಕೇಳಿದ್ರಿ, ಬಂದೀರೇನ್ರಿ ಅಂತ. ಯಾರಿಗರೆ ತೋರಸ್ರಿ."

"ನನಗೇನಾಗೇತ್ರಿ?" ಎಂದೆ. ದನಿ ಏರಿತ್ತು. ಅವರು ಪತ್ರಿಕೆ ಮಡಿಚಿಟ್ಟು ಹೋದರು. ಏಳು ವರ್ಷಗಳಲ್ಲಿ ಅವರು ಓದು ಅರ್ಧಕ್ಕೆ ಬಿಟ್ಟು ಹೋದದ್ದು ಅದೇ ಮೊದಲು.

ಅದೇ ವಾರದ ಒಂದು ಸಂಜೆ ನಾನು ತಪ್ಪಿ ಅಣ್ಣಿಗೇರಿಯ ಬಸ್ಸು ಹತ್ತಿದೆ. ಕಂಡಕ್ಟರು "ಎಲ್ಲಿಗ್ರಿ?" ಎಂದಾಗ ಊರಿನ ಹೆಸರು ಬಾಯಿಗೆ ಬರಲಿಲ್ಲ. ನಾಲಿಗೆಯ ತುದಿಯಲ್ಲಿದೆ ಎನ್ನುತ್ತಾರಲ್ಲ, ಹಾಗೂ ಇರಲಿಲ್ಲ. ಅಲ್ಲಿ ಖಾಲಿ ಇತ್ತು. "ಕಡೀ ಸ್ಟಾಪ್" ಎಂದುಬಿಟ್ಟೆ. ಎಲ್ಲರೂ ಇಳಿದಾಗ ನಾನೂ ಇಳಿದೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆ. ಮನೆಗೆ ಹೋಗಬೇಕು ಎಂಬುದು ತಲೆಯಲ್ಲಿತ್ತು. ಯಾವ ಮನೆ ಎಂದು ಯೋಚಿಸಿದರೆ ಅಳ್ನಾವರದ ಮನೆಯ ಮೇಲಿನ ಕೋಣೆ ಕಣ್ಣಿಗೆ ಬಂತು, ಕುಂದಗೋಳದ ಮನೆಯ ಪಡಸಾಲೆ ಬಂತು. ಒಂಬತ್ತು ವರ್ಷ ಬದುಕಿದ ಊರು ಬರಲಿಲ್ಲ. ಗೋಡೆಯ ಮೇಲೆ ಅಣ್ಣಿಗೇರಿ ಎಂದು ಬರೆದಿತ್ತು. ಅಕ್ಷರಗಳನ್ನು ಓದಿದೆ, ಅದು ನನಗೆ ಸಂಬಂಧಪಟ್ಟ ಊರೋ ಅಲ್ಲವೋ ತಿಳಿಯಲಿಲ್ಲ. ಕೈಯಲ್ಲಿ ಫೋನು ಇತ್ತು. ಯಾರಿಗೆ ಮಾಡುವುದು? ಆ ಪ್ರಶ್ನೆಗೆ ಮಾತ್ರ, ತಲೆ ನೆಟ್ಟಗಿದ್ದ ದಿನಗಳಲ್ಲೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಫೋನು ತಾನಾಗಿ ರಿಂಗಾಯಿತು. ಖಾಲಾ.

"ಅಕ್ಕಾ, ದೀಪಾ ಹಚ್ಚೂ ಹೊತ್ತಾತು, ಎಲ್ಲಿ ಅದೀರಿ? ನಿಮ್ಮ ನಳದ ನೀರ ಹರದ ಹೊಂಟಾವು."

"ಬಸ್ ಸ್ಟ್ಯಾಂಡಿನ್ಯಾಗ."

"ಯಾವ ಊರ ಬಸ್ ಸ್ಟ್ಯಾಂಡ?"

ಗೋಡೆಯ ಮೇಲಿನ ಅಕ್ಷರಗಳನ್ನು ಮತ್ತೆ ನೋಡಿದೆ.

"ಅಕ್ಕಾ? ಯಾವ ಊರಾಗ ಅದೀ ನೀ?"

"ಗೊತ್ತಾಗವಲ್ದು ಖಾಲಾ."

ಅವರ ದನಿ ಬಹಳ ಗಟ್ಟಿಯಾಯಿತು. "ಬಾಜೂಕ ಯಾರರೆ ಹೆಣ್ಮಕ್ಕಳ ಅದಾರೇನು? ಅವರ ಕೈಯಾಗ ಫೋನ್ ಕೊಡು. ನೀ ಅಲ್ಲೇ ಕುಂಡ್ರು. ಏಳಬ್ಯಾಡ."

ಬುಟ್ಟಿಯಲ್ಲಿ ಶೇಂಗಾ ಮಾರುತ್ತಿದ್ದ ಹೆಂಗಸಿನ ಕೈಗೆ ಫೋನು ಕೊಟ್ಟೆ. ಅವಳು ಮಾತಾಡಿ, ಫೋನು ನನ್ನ ಚೀಲಕ್ಕೆ ಹಾಕಿ, ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಖಾಲಾ ಬರುವವರೆಗೆ ನನ್ನ ಪಕ್ಕದಲ್ಲೇ ಕೂತು ಶೇಂಗಾ ಮಾರಿದಳು. ಖಾಲಾ ತಮ್ಮ ತಂಗಿಯ ಅಳಿಯನ ಆಟೋ ಮಾಡಿಕೊಂಡು ಬಂದರು. ಎಷ್ಟು ಅವಸರದಲ್ಲಿ ಹೊರಟಿದ್ದರೆಂದರೆ ಸೆರಗಿನ ಮೇಲೆ ಮಗ್ಗದ ನೂಲಿನ ಎಳೆಗಳು ಹಾಗೇ ಅಂಟಿಕೊಂಡಿದ್ದವು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾಖಲಾತಿ ಬರೆಯುವ ಹುಡುಗಿ ಖಾಲಾರನ್ನು ಕೇಳಿದಳು, "ಇವರಿಗೆ ನೀವು ಏನಾಗಬೇಕ್ರಿ?"

"ಏನೂ ಆಗಬೇಕಾಗಿಲ್ಲವಾ. ನಮ್ಮನ್ಯಾಗ ಬಾಡಿಗಿ ಅದಾರ."

ಹುಡುಗಿ ಪೆನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಯೋಚಿಸಿ, ಏನೋ ಬರೆದಳು. ಏನು ಬರೆದಳೋ ನಾನು ಆಮೇಲೂ ನೋಡಲಿಲ್ಲ.

ನನ್ನನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಿಪಿ ಇದೆಯೇ, ಸಕ್ಕರೆ ಇದೆಯೇ, ಯಾವ ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದೆಲ್ಲ ಕೇಳಿದರು. "ಏನೂ ಇಲ್ಲ್ರಿ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಮಂಕು ತಲೆಯಲ್ಲಿ ಗುಳಿಗೆ ಔಷಧ ಎಂದು ನನಗೆ ಹೊಳೆಯಲೇ ಇಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಬಹಳ ಏರಿದೆ, ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು. ಸಲೈನ್ ಏರಿಸಿದರು. ಹೀಗೇಕೆ ಏರಿತು ಎಂಬುದು ಅವರಿಗೂ ತಿಳಿಯಲಿಲ್ಲ. ಕುತ್ತಿಗೆಯ ಗ್ರಂಥಿ ನೋಡಬೇಕು, ಎಲುಬಿನ ಒಳಗೆ ಗಂಟು ಏನಾದರೂ ಇದೆಯೇ ನೋಡಬೇಕು ಎಂದು ಒಂದೊಂದೇ ಪರೀಕ್ಷೆ ಬರೆದರು. ಗಂಟು ಎನ್ನುವ ಮಾತಿಗೆ ಏನು ಅರ್ಥ ಎಂದು ನನಗೆ ತಿಳಿಯುವಷ್ಟು ಬುದ್ಧಿ ಇತ್ತು. ಮಲಗಿಕೊಂಡು, ಹೀಗಾದರೆ ಗ್ರಂಥಾಲಯದ ಕೀಲಿಯನ್ನು ಯಾರಿಗೆ ಕೊಡುವುದು ಎಂದು ಯೋಚಿಸುತ್ತಿದ್ದೆ. ಸತ್ತರೆ ಯಾರು ಅಳುತ್ತಾರೆ ಎಂದಲ್ಲ, ಕೀಲಿ ಯಾರಿಗೆ ಎಂದು.

ಎರಡನೆಯ ದಿನ ಖಾಲಾ ನನ್ನ ಬಟ್ಟೆ ತರಲು ನವಲಗುಂದಕ್ಕೆ ಹೋದರು. ವಾಪಸು ಬಂದಾಗ ಅವರ ಕೈಚೀಲದಲ್ಲಿ ಎರಡು ಸೀರೆ, ಬಾಚಣಿಗೆ, ಹಳೆಯ ಡಾಕ್ಟರ ಚೀಟಿಗಳ ಕಟ್ಟು, ಜೊತೆಗೆ ಆ ಬಿಸ್ಕೀಟಿನ ಡಬ್ಬಿ. ಅವರಿಗೆ ಓದಲು ಬರುವುದಿಲ್ಲ. ಔಷಧದ ಹಾಗೆ ಕಂಡದ್ದನ್ನೆಲ್ಲ ಎತ್ತಿ ತಂದಿದ್ದರು. ಡಾಕ್ಟರು ಬಂದಾಗ ಡಬ್ಬಿಯನ್ನು ಅವರ ಮುಂದೆ ಹಿಡಿದರು.

"ಇದನ್ನೊಂದ ನೋಡವಾ. ಕಪಾಟನ್ಯಾಗ ಹಿಂದ ಇತ್ತು."

ಡಾಕ್ಟರು ಮುಚ್ಚಳ ತೆಗೆದರು. ಹಾಳೆಗಳು ಒತ್ತೊತ್ತಾಗಿ ತುಂಬಿದ್ದವು. ಒಂದನ್ನು ಎತ್ತಿ ಹಿಂದೆ ಬರೆದದ್ದನ್ನು ಓದಿದರು. ಇನ್ನೊಂದನ್ನು ಎತ್ತಿದರು. ನನ್ನ ಹಾಸಿಗೆಯ ಅಂಚಿನಲ್ಲಿ ಕೂತರು.

"ಇವನ್ನೆಲ್ಲ ನೀವ ತುಗೊಂಡೀರೇನ್ರಿ?"

"ಹೌದ್ರಿ."

"ಎಷ್ಟ ದಿನಕ್ಕೊಂದು?"

"ದಿನಾ ಒಂದು. ಮೊದಲ ವಾರಕ್ಕೊಂದ ಇತ್ತು."

"ವಾರಕ್ಕೊಂದು ಅಂತ ಇಲ್ಲಿ ಬರದಾರಲ್ರಿ." ಚೀಟಿಯ ಮೇಲಿನ ಗೆರೆ ಎಳೆದ ಸಾಲನ್ನು ಬೆರಳಿನಿಂದ ತೋರಿಸಿದರು.

"ಹೌದ್ರಿ, ಬರದಾರ."

ಅವರು ಸಿಟ್ಟಾಗಲಿಲ್ಲ. ನಿಧಾನವಾಗಿ ಹೇಳಿದರು. "ಬಿಸಲಿಂದ ಆಗೂ ವಿಟಮಿನ್ ಸಾಕಾತಂದ್ರ ಮೈ ತಾನ ನಿಲ್ಲಸ್ತೈತ್ರಿ. ಹೊಲದಾಗ ದಿನಾ ದುಡಿಯೋರಿಗೆ ಅದು ಎಂದೂ ವಿಷ ಆಗೂದಿಲ್ಲ. ಆದ್ರ ನುಂಗಿದ್ದನ್ನ ನಿಲ್ಲಸಾಕ ಮೈಗೆ ಬರೂದಿಲ್ಲ. ಬ್ಯಾರೆ ಕೆಲವು ವಿಟಮಿನ್ ಹೆಚ್ಚಾದ್ರ ನೀರಿನ ಜೋಡಿ ಹೊರಗ ಹೊಕ್ಕಾವು. ಇದು ಹೋಗೂದಿಲ್ಲ. ಕೊಬ್ಬಿನ್ಯಾಗ ಕುಂತಬಿಡತೈತಿ. ಕುಂತ ಕುಂತ ಊಟದಾಗಿನ ಕ್ಯಾಲ್ಸಿಯಂ ಎಲ್ಲಾ ರಕ್ತಕ್ಕ ಎಳೀತೈತಿ, ಎಲುಬಿಂದೂ ಎಳೀತೈತಿ. ಅದಕ್ಕ ನೀರಡಿಕಿ, ಅದಕ್ಕ ವಾಂತಿ, ಅದಕ್ಕ ತಲಿ ಮಂಕು. ಕಿಡ್ನಿ ಎಷ್ಟಂತ ಸೋಸಬೇಕ್ರಿ?"

ಎಲುಬು ಗಟ್ಟಿಯಾಗಲಿ ಎಂದು ನುಂಗಿದ್ದು ಎಲುಬಿನಿಂದಲೇ ಎಳೆಯುತ್ತಿತ್ತು ಎಂಬುದನ್ನು ಕೇಳಿಕೊಂಡು ಮಲಗಿದ್ದೆ.

"ಇಷ್ಟ ಯಾಕ ತುಗೊಂಡ್ರಿ ಮತ್ತ?"

"ನೋವಿತ್ತರಿ."

"ಮನ್ಯಾಗ ಯಾರೂ ನೋಡಲಿಲ್ಲೇನು?"

ಖಾಲಾ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಂದು ಬಿಸಿಲೂ ಜೋರಾಗಿತ್ತು, ಬೆವರೂ ಇದ್ದೀತು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಒಂದೊಂದೇ ಬಾಟಲಿ ಸಲೈನ್ ಇಳಿದ ಹಾಗೆ ತಲೆ ತಿಳಿಯಾಗುತ್ತಾ ಬಂತು. ಆಚೆ ಹಾಸಿಗೆಯವರನ್ನು ನೋಡಲು ಬಂದ ಯಾರೋ ನವಲಗುಂದದ ಬಸ್ಸಿನ ಬಗ್ಗೆ ಮಾತಾಡುತ್ತಿದ್ದಾಗ, ಅದು ನಮ್ಮ ಊರು ಎಂದು ಥಟ್ಟನೆ ಹೊಳೆಯಿತು. ಆ ಹೆಸರನ್ನು ಎರಡು ಮೂರು ಸಲ ಬಾಯಲ್ಲೇ ಅಂದುಕೊಂಡೆ.

ಖಾಲಾ ಅಣ್ಣನಿಗೆ ಫೋನು ಮಾಡಿಸಿದ್ದರು. ಅಣ್ಣ, ಅತ್ತಿಗೆ ಬಂದರು. ಸೇಬು ತಂದಿದ್ದರು, ಜೊತೆಗೆ ಎರಡು ಪಾಕೀಟು ಹಾಲು. ನರ್ಸು ಹಾಲನ್ನು ಕಂಡ ಕೂಡಲೇ ಬೇಡ ಎಂದಳು. ಹಾಲು, ಮೊಸರು, ಕ್ಯಾಲ್ಸಿಯಂ ಇರುವುದೆಲ್ಲ ನನಗೆ ನಿಷಿದ್ಧವಾಗಿತ್ತು. ಅತ್ತಿಗೆ ಪಾಕೀಟು ಕೈಯಲ್ಲಿ ಹಿಡಿದುಕೊಂಡು ಎಲ್ಲಿ ಇಡುವುದೆಂದು ತಿಳಿಯದೆ ನಿಂತಳು.

"ಒಂದ ಫೋನರೆ ಮಾಡಬೇಕಿತ್ತಲ್ಲ ತಂಗಿ" ಎಂದ ಅಣ್ಣ.

"ಮಾಡಬೇಕಿತ್ತು" ಎಂದೆ.

ಅವನು ನನ್ನ ಕೈ ಮೇಲೆ ಕೈಯಿಟ್ಟು ಕೂತಿದ್ದ. ಸೂಜಿ ಚುಚ್ಚಿದ ಕೈ ಅದು, ನೋಯುತ್ತಿತ್ತು. ತೆಗೆ ಎಂದು ಹೇಳಲಿಲ್ಲ. ಮೂರು ಗಂಟೆಯ ರೈಲಿಗೆ ಹೊರಟರು.

ಖಾಲಾ ನಡುವೆ ನಾಲ್ಕು ಸಲ ಬಂದು ಹೋದರು. ಬಿಡುಗಡೆಯ ದಿನ ಆಟೋದಲ್ಲಿ ಕೂತಾಗ ಹೇಳಿದರು, "ನನಗ ಎಪ್ಪತ್ತಾತು. ದವಾಖಾನಿ ಪಾವಟಿಗಿ ಹತ್ತಿ ಹತ್ತಿ ನನ್ನ ಮೊಣಕಾಲ ಹ್ವಾದವು. ಇನ್ನೊಮ್ಮೆ ಹಿಂಗ ಮಾಡಿದ್ರ ನಾ ಬರೂದಿಲ್ಲ ನೋಡ ನೀ."

ಅವರು ಅಣ್ಣಿಗೇರಿಯ ಫೋನಿನಿಂದ ಹಿಡಿದು ಅಂದಿನವರೆಗೆ ನನ್ನನ್ನು ನೀ ಎಂದೇ ಕರೆಯುತ್ತಿದ್ದರು. ಮನೆಗೆ ಬಂದು ಎರಡು ವಾರಕ್ಕೆ, ನಾನು ಸ್ವಂತ ಕೊಡ ಎತ್ತಿಕೊಂಡು ನೀರು ತಂದ ದಿನ, "ಆರಾಮ ಆದ್ರೇನ್ರಿ ಅಕ್ಕಾ?" ಎಂದರು. ಮತ್ತೆ ನೀವು ಆದೆ. ಅವರ ತಪ್ಪೇನಿಲ್ಲ, ಅದೇ ಸರಿಯಾದದ್ದು. ಆದರೂ ಅಂದು ಕೊಡ ಇಳಿಸಿ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಗುಳಿಗೆ ನಿಲ್ಲಿಸಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಹಾಗೆ ಆಗಲಿಲ್ಲ. ಮೈಯಲ್ಲಿ ಕೂತದ್ದು ಇಳಿಯಲು ತಿಂಗಳುಗಳೇ ಬೇಕಾದವು. ಒಮ್ಮೆ ಇಳಿದ ಕ್ಯಾಲ್ಸಿಯಂ ಮತ್ತೆ ಸ್ವಲ್ಪ ಏರಿತು, ಬೇರೆ ಔಷಧ ಕೊಟ್ಟರು, ಅದರಿಂದ ಮುಖ ಊದಿತು. ಚಹಾಕ್ಕೆ ಹಾಲಿಲ್ಲ, ಊಟಕ್ಕೆ ಮೊಸರಿಲ್ಲ. ಮೊಸರಿಲ್ಲದ ಊಟ ನಮ್ಮ ಕಡೆಯವರಿಗೆ ಊಟವೇ ಅಲ್ಲ.

ಜೂನಿನಲ್ಲಿ ಗ್ರಂಥಾಲಯದ ಬೀಗ ತೆರೆದೆ. ಎರಡು ತಿಂಗಳ ಧೂಳು. ಒಂದು ವಾರ ಯಜಮಾನ್ರು ಬರಲಿಲ್ಲ. ಬೀಗ ತೆರೆದಿದೆ ಎಂದು ಯಾರೋ ಹೇಳಿದ ಮೇಲೆ ಬಂದರು. ಈ ಸಲ ಪತ್ರಿಕೆ ಕೈಗೆತ್ತಿಕೊಳ್ಳದೆ ನನ್ನ ಎದುರಿಗೆ ಕೂತರು.

"ಏನಾಗಿತ್ರಿ?"

ಹೇಳಿದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಮೂರು ಅಂಗಡಿಗಳಲ್ಲಿ ಕೊಂಡದ್ದನ್ನೂ ಬಿಡಲಿಲ್ಲ. ಅವರು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ ಅಂಗಿಯ ಕಿಸೆಯಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಅದೇ ಜೇನಿನ ಬಣ್ಣದ ಗುಳಿಗೆ.

"ಇವ ಏನ್ರಿ? ನಮ್ಮ ಮನ್ಯಾಗಿನಾಕಿಗೆ ತರೂದು. ಮೊಣಕಾಲ ಬ್ಯಾನಿ. ಇವತ್ತ ಇದು ಖಾಲಿ ಆಗತೈತಿ, ಮತ್ತ ತರಬೇಕಂತ ಕಿಸೇದಾಗ ಇಟ್ಕೊಂಡಿದ್ದೆ."

"ಎಷ್ಟ ದಿನಕ್ಕೊಂದು ಕೊಡ್ತೀರಿ?"

"ವಾರಕ್ಕೊಂದರಿ. ಚೀಟಿ ಪ್ರಕಾರ."

"ಎಷ್ಟ ವಾರ ಆತು?"

ಅವರು ಬೆರಳು ಮಡಿಚಿ ಎಣಿಸಲು ಹೋಗಿ ನಿಲ್ಲಿಸಿದರು. "ಹ್ವಾದ ದಸರಾಕ್ಕ ಚಾಲೂ ಮಾಡಿದ್ದು. ಬಿಡ್ರಿ ಅಂತ ಯಾರೂ ಹೇಳಲಿಲ್ಲ."

ಅದೇ ವಾರ ಹೆಂಡತಿಯನ್ನು ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು. ನನ್ನಷ್ಟು ಆಗಿರಲಿಲ್ಲ. ಇರಬೇಕಾದುದಕ್ಕಿಂತ ಹೆಚ್ಚು ಇತ್ತು, ನಿಲ್ಲಿಸಿ ಎಂದರಂತೆ, ನಿಲ್ಲಿಸಿದರು. ಆ ಸುದ್ದಿ ಹೇಳಿದ ದಿನ ಯಜಮಾನ್ರು ಇನ್ನೊಂದು ಮಾತು ಹೇಳಿದರು.

"ಒಂದ ತಿಂಗಳಿಂದ ನೋಡಾಕತ್ತಿದ್ದೆ ನಿಮ್ಮನ್ನ. ನೀರ ಕುಡ್ಯೂದು, ಸೊರಗೂದು. ಕೇಳಬೇಕಂತಿದ್ದೆ. ಒಬ್ಬ ಹೆಣ್ಮಗಳನ್ನ ಹೆಂಗ ಕೇಳೂದಂತ ಸುಮ್ನಾದೆ. ಕೇಳಬೇಕಿತ್ತು."

ಯಾರೋ ನನ್ನನ್ನು ಒಂದು ತಿಂಗಳು ನೋಡುತ್ತಿದ್ದರು ಎಂಬುದು ನನಗೆ ಸಮಾಧಾನ ಕೊಟ್ಟಿತೋ ಇನ್ನಷ್ಟು ನೋಯಿಸಿತೋ ಇಂದಿಗೂ ಹೇಳಲಾರೆ. ಆಮೇಲೆ ಅವರು ಎದ್ದು ತಮ್ಮ ಜಾಗಕ್ಕೆ ಹೋಗಿ ಪತ್ರಿಕೆ ಬಿಡಿಸಿದರು.

ಮೈನೋವು ಹೋಯಿತೇ ಎಂದು ಕೇಳಿದರೆ, ಪೂರ್ತಿ ಹೋಗಿಲ್ಲ. ಬೆಳಿಗ್ಗೆ ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ಬಿಸಿಲಿಗೆ ಅಡ್ಡಾಡುತ್ತೇನೆ. ಕಿಡ್ನಿ ಬಹುಮಟ್ಟಿಗೆ ಸುಧಾರಿಸಿದೆ, ಮೊದಲಿನಷ್ಟು ಆಗಲಾರದು ಎಂದಿದ್ದಾರೆ.

ದೀಪಾವಳಿ ಕಳೆದ ಮೇಲೆ ಕೊನೆಯ ಪರೀಕ್ಷೆಗೆ ಒಬ್ಬಳೇ ಹುಬ್ಬಳ್ಳಿಗೆ ಹೋದೆ. ಡಾಕ್ಟರು ಕಾಗದ ನೋಡಿ, ಕ್ಯಾಲ್ಸಿಯಂ ಇರಬೇಕಾದಲ್ಲಿಗೆ ಬಂದಿದೆ, ಇನ್ನು ಮೊಸರು ಉಣ್ಣಬಹುದು, ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಫೋನು ತೆಗೆದೆ. ಅಣ್ಣನ ಅಂಗಡಿಯಲ್ಲಿ ಅದು ಗಿರಾಕಿಗಳ ಹೊತ್ತು. ಖಾಲಾ ಊರಲ್ಲಿ ಇರಲಿಲ್ಲ, ತಂಗಿಯ ಮನೆಯಲ್ಲಿ ಏನೋ ಕಾರ್ಯವಿತ್ತು. ಫೋನನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ.

ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಮಗು ಮಲಗಿಸಿಕೊಂಡ ಒಬ್ಬಳು ಕೂತಿದ್ದಳು. ನನ್ನ ಕೈಯಲ್ಲಿದ್ದ ಆಸ್ಪತ್ರೆಯ ಲಕೋಟೆ ನೋಡಿ "ಆರಾಮ ಇಲ್ಲೇನ್ರಿ?" ಎಂದಳು.

"ಇರಲಿಲ್ಲ. ಈಗ ಆರಾಮ ಆಗೇನಿ. ಇವತ್ತ ಡಾಕ್ಟರ್ ಎಲ್ಲಾ ಸರಿ ಐತಿ ಅಂದ್ರು."

"ಛಲೋ ಆತ್ ಬಿಡ್ರಿ" ಎಂದಳು. ಮನಸ್ಸಿನಿಂದಲೇ ಅಂದಳು, ಕಣ್ಣಲ್ಲಿ ಕಾಣುತ್ತಿತ್ತು. ಏನಾಗಿತ್ತು ಎಂದು ಕೇಳುವಳೇನೋ ಎಂದು ನಾನು ಅವಳ ಕಡೆ ಸ್ವಲ್ಪ ತಿರುಗಿ ಕೂತೆ. ಅಷ್ಟರಲ್ಲಿ ಕ್ರಾಸ್ ಬಂತು. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು ಇಳಿದಳು. ಬಸ್ಸು ಮುಂದೆ ಹೋಯಿತು. ಎರಡೂ ಕಡೆ ಹತ್ತಿ ಒಡೆದ ಹೊಲಗಳು. ನಾನು ಕಿಟಕಿಯ ಕಡೆಗೆ ಸರಿದು ಕೂತೆ.